ಒಂದು ಊಟ, ಎರಡು ನುಡಿ

ಫ್ರಾನ್ಸಿನ ನೀಸ್ ನಗರದ ಹಳೆಯ ಓಣಿಯಲ್ಲಿ ಆರೇ ಮೇಜುಗಳ ಇಟಾಲಿಯನ್ ಭೋಜನಗೃಹವೊಂದರಲ್ಲಿ ಒಂದು ಸಂಜೆ ಉಂಡೆ. ಮಾಂಸವಿಲ್ಲದ್ದು ಬೇಕೆಂದಾಗ ಒಡತಿ ನಗುತ್ತ ಕಡಲೆಹಿಟ್ಟು, ಆಲಿವ್ ಎಣ್ಣೆಗಳ ಬಿಸಿ ರೊಟ್ಟಿ ತಂದಿಟ್ಟರು. ನೀಸ್‌ನಲ್ಲಿ ಅದು ‘ಸೊಕ್ಕಾ’. ಗಡಿಯಾಚೆಯ ಜಿನೋವಾದಲ್ಲಿ ‘ಫರಿನಾತಾ’. 1860ರಲ್ಲಿ ಈ ನಗರ ಸಾರ್ಡೀನಿಯಾ ರಾಜ್ಯದಿಂದ ಫ್ರಾನ್ಸಿಗೆ ಸೇರಿತು. ಊರಿನ ರುಚಿ ಬದಲಾಗಲಿಲ್ಲ.

ಆಕೆ ಅಡುಗೆಮನೆಯಲ್ಲಿದ್ದ ಮಗನನ್ನು ಇಟಾಲಿಯನ್ನಿನಲ್ಲಿ ಕೂಗಿದರು; ಅವನು ಫ್ರೆಂಚಿನಲ್ಲಿ ಓಗೊಟ್ಟ. ಪಕ್ಕದ ಮೇಜಿನವರು ನಕ್ಕರು. ನನಗೆ ನಗು ಬರಲಿಲ್ಲ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ನಮ್ಮ ಮನೆಯಲ್ಲೂ ನಾನು ಕನ್ನಡದಲ್ಲಿ ಕರೆದರೆ ಮಗಳು ಮಲಯಾಳದಲ್ಲಿ ಉತ್ತರಿಸುತ್ತಾಳೆ.

ಮರಳಿ ಬಂದ ಮೇಲೆ ಊಟದ ಹೊತ್ತಿಗಾದರೂ ಕನ್ನಡವೇ ಎಂದು ನಿಯಮ ಮಾಡಿಕೊಂಡಿದ್ದೇವೆ. ಅವಳು ಒಮ್ಮೊಮ್ಮೆ ಪದಕ್ಕಾಗಿ ತಡವರಿಸುತ್ತಾಳೆ; ನಾನು ಕಾಯುತ್ತೇನೆ.