ಫರ್ನಿಚರಿಗೆ ಬಹುವಚನವಿಲ್ಲ

ಕುರ್ಚಿಯನ್ನು ಎಣಿಸಬಹುದು, ಮೇಜನ್ನು ಎಣಿಸಬಹುದು, ಮಂಚವನ್ನೂ ಎಣಿಸಬಹುದು. ಮೂರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ ಇಂಗ್ಲಿಷಿನಲ್ಲಿ 'ಫರ್ನಿಚರ್' ಎಂದು ಕರೆದೊಡನೆ ಎಣಿಕೆ ನಿಷಿದ್ಧ! 'ಫರ್ನಿಚರ್ಸ್' ಎಂದು ಬರೆದ ಬಾಲಕನ ಪುಸ್ತಕದ ಮೇಲೆ ಉಪಾಧ್ಯಾಯರ ಕೆಂಪು ಶಾಯಿ ಹರಿಯುತ್ತದೆ. ಅದು ಎಣಿಸಲಾಗದ ನಾಮಪದವಂತೆ. ಏಕೆ ಎಣಿಸಲಾಗದು? ನಾಮಪದವೇ ಹಾಗೆ!

ನೀರು, ಹಾಲು, ಎಣ್ಣೆಗಳ ವಿಷಯದಲ್ಲಿ ಈ ನಿಯಮ ಯಾರಿಗೂ ತೊಡಕಲ್ಲ. ಅಳೆಯುವುದಕ್ಕೆ ಲೋಟವೋ ಸೇರೋ ಬೇಕು. ಅಕ್ಕಿಯೂ ಹಾಗೆಯೇ, ಒಂದೊಂದೇ ಕಾಳನ್ನು ಎಣಿಸುವ ವ್ಯವಧಾನ ಯಾವ ಗೃಹಿಣಿಗಿದೆ? ಆದರೆ ಅದೇ ನ್ಯಾಯ ಎಲ್ಲ ಧಾನ್ಯಗಳಿಗೂ ಸಲ್ಲಬೇಕಷ್ಟೆ? ಸಲ್ಲುವುದಿಲ್ಲ. ಗೋಧಿ, ಎಂದರೆ 'ವ್ಹೀಟ್', ಏಕವಚನ, 'ಓಟ್ಸ್' ಬಹುವಚನ.

ಬಟಾಣಿಯ ಕತೆಯಂತೂ ಇನ್ನೂ ಸ್ವಾರಸ್ಯ. ಹಿಂದೆ ಇಂಗ್ಲಿಷರು ಅದನ್ನು 'ಪೀಜ್' ಎನ್ನುತ್ತಿದ್ದರು, ಅದು ಏಕವಚನವೇ. ಕೊನೆಯ ಧ್ವನಿಯನ್ನು ಜನ ಬಹುವಚನದ ಪ್ರತ್ಯಯವೆಂದು ಭ್ರಮಿಸಿದರು. ಅದನ್ನು ಕಿತ್ತುಹಾಕಿ, 17ನೆಯ ಶತಮಾನದ ಹೊತ್ತಿಗೆ 'ಪೀ' ಎಂಬ ಹೊಸ ಏಕವಚನವನ್ನೇ ಸೃಷ್ಟಿಸಿಕೊಂಡರು. ಊರೆಲ್ಲ ಕೂಡಿ ಮಾಡಿದ ತಪ್ಪು ನಿಘಂಟನ್ನು ಸೇರಿತು. ಬಾಲಕನೊಬ್ಬನ ತಪ್ಪಿಗೆ ಆ ಭಾಗ್ಯವಿಲ್ಲ.

ಇನ್ನು ಕೂದಲು. 'ಹೇರ್' ತಲೆಯ ಮೇಲಿರುವಷ್ಟು ಕಾಲ ಎಣಿಸಲಾಗದ್ದು. ಸಾರಿನಲ್ಲಿ ಸಿಕ್ಕಿತೋ, ಆ ಕ್ಷಣವೇ ಎಣಿಕೆಗೆ ಒಳಪಡುತ್ತದೆ. ಮನೆಯ ಯಜಮಾನರು ಎಣಿಸಿಯೇ ತೋರಿಸುತ್ತಾರೆ.

ಕನ್ನಡದ ಕಿವಿಗೆ ಇದೆಲ್ಲ ವಿಚಿತ್ರವೆನಿಸುವುದು ಸಹಜ. ನಮ್ಮ ನುಡಿ ಗೆರೆಯನ್ನು ಬೇರೆಡೆ ಎಳೆದಿದೆ. 'ಹತ್ತು ಮರ', 'ನಾಲ್ಕು ಪುಸ್ತಕ' ಎಂದರೆ ಸಾಕು. ಸಂಖ್ಯೆಯನ್ನು ಹೇಳಿದ ಮೇಲೆ 'ಗಳು' ಬಿಟ್ಟರೂ ನಡೆಯುತ್ತದೆ. ಮನುಷ್ಯರ ವಿಷಯದಲ್ಲಿ ಮಾತ್ರ ಆ ಔದಾಸೀನ್ಯ ಸಲ್ಲದು: 'ಇಬ್ಬರು ಹುಡುಗರು', 'ಮೂವರು ಹೆಂಗಸರು' ಎಂದೇ ಹೇಳಬೇಕು. ಬಿಡಿಯೋ ರಾಶಿಯೋ ಎಂದು ಇಂಗ್ಲಿಷು ಕೇಳುವ ಕಡೆ, ಮನುಷ್ಯರೋ ವಸ್ತುವೋ ಎಂದು ಕನ್ನಡ ಕೇಳುತ್ತದೆ. ಎರಡನೆಯ ಪ್ರಶ್ನೆಯೇನೂ ಕೀಳಲ್ಲ.

ಆದರೂ ಉದ್ಯೋಗದ ಅರ್ಜಿಯಲ್ಲಿ 'ಇನ್ಫರ್ಮೇಷನ್ಸ್' ಎಂದು ಬರೆದ ತರುಣನ ಬುದ್ಧಿಯನ್ನೇ ಶಂಕಿಸುವವರುಂಟು. ಒಂದಕ್ಷರದಿಂದ ಅನ್ನ ತಪ್ಪಬಹುದು. ಫ್ರೆಂಚರು ಇದೇ ಪದವನ್ನು ನಿಸ್ಸಂಕೋಚವಾಗಿ ಬಹುವಚನದಲ್ಲಿ ಬಳಸುತ್ತಾರೆ. 18ನೆಯ ಶತಮಾನದ ಲಂಡನ್ನಿನ ಪತ್ರಿಕೆಗಳೂ ಪರದೇಶದ ವರ್ತಮಾನಗಳನ್ನು 'ಅಡ್ವೈಸಸ್' ಎಂದು ಅಚ್ಚುಹಾಕುತ್ತಿದ್ದವು. ನಿಯಮವನ್ನು ಕಲಿಯಬೇಕು, ನಿಜ. ಇಂಗ್ಲಿಷರ ರೂಢಿಯೆಂದು ಕಲಿಯಬೇಕೇ ಹೊರತು ತರ್ಕಶಾಸ್ತ್ರವೆಂದಲ್ಲ.

ಆ ರೂಢಿಯಾದರೂ ಸಡಿಲುವುದುಂಟು. ಕಾಫಿ ದ್ರವ, ಆದ್ದರಿಂದ ಎಣಿಸಲಾಗದೆಂದು ವ್ಯಾಕರಣದ ಮಾತು. ಹೋಟೆಲಿನಲ್ಲಿ ಕುಳಿತ ಇಂಗ್ಲಿಷಿನವನು 'ಟೂ ಕಾಫೀಸ್' ಎಂದು ಕೇಳಲು ಹಿಂಜರಿಯುವುದಿಲ್ಲ. ಬೆಂಗಳೂರಿನ ಗಿರಾಕಿಯೋ ಒಂದನ್ನೇ ತರಿಸಿ, ಎರಡು ಲೋಟಕ್ಕೆ ಹಂಚಿಸಿ, 'ಬೈ ಟೂ' ಎನ್ನುತ್ತಾನೆ. ಅದಕ್ಕೆ ಯಾವ ವಚನ ಸಲ್ಲುವುದೋ, ಮಾಣಿಯನ್ನೇ ಕೇಳಬೇಕು.