ನಮ್ಮನೆ ಸಿಲಿಂಡರು ಯಾರ್ದು?

ನಮ್ಮನೇಲಿರೋದು ಭಾರತ್ ಗ್ಯಾಸು. ಆ ಕಂಪ್ನಿ ಮೊದ್ಲು ಬರ್ಮಾ ಶೆಲ್ ಅಂತ ಬಿಳೀರದಾಗಿತ್ತು, 1976ರಲ್ಲಿ ಸರ್ಕಾರ ತಗಂತು ಅನ್ನೋದು ನಂಗೆ ಗೊತ್ತಾಗಿದ್ದೇ 2019ರಲ್ಲಿ. ಆ ವರ್ಷ ನವೆಂಬರಲ್ಲಿ ಸರ್ಕಾರ, ನಮ್ಮ ಹತ್ರ ಇರೋ ನೂರಕ್ಕೆ 53 ಪಾಲನ್ನ ಮಾರ್ತೀವಿ ಅಂತು. ಬಂಗಾರಪೇಟೆಯಿಂದ ದಿನಾ ರೈಲಲ್ಲಿ ಬೆಂಗ್ಳೂರಿಗೆ ಹೋಗಿಬರೋ ನನ್ ಮೈದುನ, "ಮಾರ್ಲಿ ಬಿಡಿ ಅತ್ತಿಗೆ, ಪ್ರೈವೇಟ್ನೋರು ಬಂದ್ರೆ ಕೆಲ್ಸ ಚುರುಕಾಗ್ತದೆ" ಅಂದ.

ಅವ್ನ ಮಾತು ಪೂರ್ತಿ ತಳ್ಳಾಕೋ ಅಂಗಿಲ್ಲ. ನಾನು ಮದ್ವೆಯಾಗಿ ಬಂದ ಕಾಲ್ದಲ್ಲಿ ಯಾರೇ ಆಗ್ಲಿ, ಗ್ಯಾಸಿಗೆ ಹೆಸ್ರು ಬರೆಸಿ ವರ್ಷಗಟ್ಲೆ ಕಾಯ್ಬೇಕಿತ್ತು. ಅಲ್ಲೀಗಂಟ ಸೀಮೆಎಣ್ಣೆ ಸ್ಟವ್ವು, ಅದರ ಪಿನ್ನು, ಪಾತ್ರೆ ತುಂಬ ಮಸಿ.

ಆದ್ರೆ ನಾನು ಕೆಜಿಎಫ್‌ನಲ್ಲಿ ಹುಟ್ಟಿದೋಳು. ನಮ್ಮಪ್ಪ ಇಳೀತಿದ್ದ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟ್ರಿಗೂ ಆಳ. ತಾತನ ಕಾಲಕ್ಕೆ ಅದು ಜಾನ್ ಟೇಲರ್ ಕಂಪ್ನಿದು. ಸಾಹೇಬ್ರಿಗೆ ಗುಡ್ಡದ್ಮೇಲೆ ಬಂಗ್ಲೆ, ಕೂಲಿಯೋರಿಗೆ ಲೈನ್ ಮನೆ. ಲಾಭ ಲಂಡನ್ನಿಗೆ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಎಳ್ಸಿದ್ರು, ಗಣಿ ಯಂತ್ರ ಓಡ್ಸಕ್ಕೆ. 1956ರಲ್ಲಿ ಮೈಸೂರು ಸರ್ಕಾರ ತಗಂತು, 1962ರಲ್ಲಿ ಕೇಂದ್ರದ ಕೈಗೋಯ್ತು.

ಸರ್ಕಾರದ್ದಾದ್ರೂ ಉಳೀತಾ? ಇಲ್ಲ. ಅದಿರಲ್ಲಿ ಚಿನ್ನ ಕಮ್ಮಿ ಆಯ್ತು, ಮೇಲಕ್ಕೆ ತರೋ ಖರ್ಚು ಚಿನ್ನದ ರೇಟನ್ನೇ ಮೀರ್ತು, 2001 ಫೆಬ್ರವರಿ 28ಕ್ಕೆ ಬೀಗ. ಅದ್ಕೇ ಸರ್ಕಾರದ್ದು ಅಂದ್ರೆ ಶಾಶ್ವತ ಅಂತ ನನ್ನ ಹತ್ರ ಯಾರೂ ಹೇಳ್ಬೇಡಿ.

ಆದ್ರೂ ನಾನು ಮಾರೋದು ಬ್ಯಾಡ ಅಂದೆ. ಯಾಕಂತೀರಾ? 2008ರಲ್ಲಿ ಕಚ್ಚಾ ತೈಲದ ರೇಟು ಆಕಾಶಕ್ಕೋದಾಗ ರಿಲಯನ್ಸ್‌ನೋರು ಪೆಟ್ರೋಲ್ ಬಂಕ್ ಮುಚ್ಕಂಡ್ರು. ಸರ್ಕಾರಿ ಬಂಕ್ನೋರು ನಷ್ಟದಲ್ಲೇ ಮಾರಿದ್ರು, ಆ ನಷ್ಟದಲ್ಲಿ ಒಂದಷ್ಟನ್ನ ಸರ್ಕಾರ ತುಂಬ್ಕೊಡ್ತು. ಖಾಸಗಿಯೋರಿಗೆ ಆ ಆಸರೆ ಇರ್ಲಿಲ್ಲ. ಅವ್ರದ್ದು ತಪ್ಪು ಅಂತಲ್ಲ, ಕೈಯಿಂದ ಹಾಕಿ ಎಷ್ಟು ದಿನ ಮಾರ್ತಾರೆ? ಆದ್ರೆ ಬಂಕ್ ಮುಚ್ಚಿದ್ರೆ ಗಾಡಿ ಮನೇಲಿ ನಿಲ್ಸಿ ಬಸ್ಸಿಗೋಗ್ಬೋದು. ಒಲೆ ನಿಲ್ಸಕ್ಕಾಗ್ತದಾ?

"ಆ ನಷ್ಟ ತುಂಬೋದು ಯಾರು, ನಮ್ ಟ್ಯಾಕ್ಸಲ್ವಾ?" ಅಂತಾನೆ ಮೈದುನ. ನಿಜಾನೇ. 2022ರ ಅಕ್ಟೋಬರಲ್ಲಿ ಅಡುಗೆ ಗ್ಯಾಸಿನ ನಷ್ಟಕ್ಕೇಂತ ಮೂರು ಸರ್ಕಾರಿ ಕಂಪ್ನಿಗಳಿಗೆ 22,000 ಕೋಟಿ ಕೊಟ್ರು. ಕೊಡ್ಲಿ. ರೇಟು ಏರಿದ್ರೆ ಎಲೆಕ್ಷನ್ನಲ್ಲಿ ಓಟು ಕೇಳಕ್ಕೆ ಬಂದೋರನ್ನ ಬಾಗ್ಲಲ್ಲೇ ನಿಲ್ಸಿ ಕೇಳ್ತೀವಿ. ಕಂಪ್ನಿ ಓನರು ನಮ್ಮ ಬಾಗ್ಲಿಗೆ ಯಾಕೆ ಬತ್ತಾನೆ?

ಕೊಳ್ಳಕ್ಕೆ ಬಂದೋರಲ್ಲಿ ಕೊನೆಗೆ ಒಬ್ರೇ ಉಳ್ಕಂಡಿದ್ರಿಂದ 2022ರ ಮೇನಲ್ಲಿ ಮಾರಾಟ ಕೈಬಿಟ್ರು. ಮೈದುನ ಮಾತ್ರ ಇನ್ನೂ, "ಇವತ್ತಲ್ಲ ನಾಳೆ ಮಾರೇ ಮಾರ್ತಾರೆ ನೋಡ್ತಿರಿ ಅತ್ತಿಗೆ" ಅಂತವ್ನೆ.