ಓರೆ ಅಕ್ಷರದ ಓಟ

ಕಂಪ್ಯೂಟರಿನಲ್ಲಿ ಏನಾದರೂ ಬರೆಯಲು ಕೂತರೆ ತೆರೆಯ ಮೇಲ್ಭಾಗದಲ್ಲಿ ಎರಡು ಗುಂಡಿಗಳು ಅಕ್ಕಪಕ್ಕ ಕಾಣುತ್ತವೆ. ಒಂದನ್ನು ಒತ್ತಿದರೆ ಅಕ್ಷರ ದಪ್ಪಗಾಗುತ್ತದೆ, ಇನ್ನೊಂದನ್ನು ಒತ್ತಿದರೆ ಬಲಕ್ಕೆ ವಾಲುತ್ತದೆ. ಒಂದೇ ಮನೆಯ ಅಣ್ಣತಮ್ಮಂದಿರಂತೆ ಕಾಣುವ ಇವು ಹುಟ್ಟಿದ್ದು ಮಾತ್ರ ಬೇರೆ ಬೇರೆ ಊರಿನಲ್ಲಿ, ಮುನ್ನೂರು ವರ್ಷಗಳ ಅಂತರದಲ್ಲಿ.

ಓರೆ ಅಕ್ಷರ ವೆನಿಸ್ಸಿನದು. 1501ರಲ್ಲಿ ಆಲ್ಡಸ್ ಮನೂಷಿಯಸ್ ಎಂಬ ಮುದ್ರಕ ವರ್ಜಿಲ್ ಕವಿಯ ಕೃತಿಗಳನ್ನು ಕೈಯಲ್ಲಿ ಹಿಡಿದು ಓದುವಷ್ಟು ಸಣ್ಣ ಆಕಾರದಲ್ಲಿ ಅಚ್ಚು ಹಾಕಿದ. ಅದಕ್ಕಾಗಿ ಫ್ರಾಂಚೆಸ್ಕೊ ಗ್ರಿಫೊ ಎಂಬ ಕುಶಲಿ ಅಂದಿನ ವಿದ್ವಾಂಸರ ಕೈಬರಹವನ್ನು ಅನುಸರಿಸಿ ಹೊಸ ಅಚ್ಚುಮೊಳೆ ಕೊರೆದುಕೊಟ್ಟ. ಆಗ ಓರೆ ಅಕ್ಷರಕ್ಕೆ ‘ಒತ್ತಿ ಹೇಳುವ’ ಕೆಲಸವೇ ಇರಲಿಲ್ಲ. ಇಡೀ ಪುಸ್ತಕವೇ ಅದರಲ್ಲಿತ್ತು. ಅದು ಮೆಲ್ಲಗೆ, ಒಬ್ಬರೇ ಕೂತು ಓದುವ ಅಕ್ಷರ.

ದಪ್ಪ ಅಕ್ಷರ ಬೀದಿಯ ಕೂಸು. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಗೋಡೆಗಳ ಮೇಲೆ ಲಾಟರಿ, ನಾಟಕ, ಮಾರಾಟದ ಭಿತ್ತಿಪತ್ರಗಳು ಒಂದರ ಮೇಲೊಂದು ಬೀಳತೊಡಗಿದವು. ಪಕ್ಕದ ಚೀಟಿಗಿಂತ ಮೊದಲು ಕಣ್ಣಿಗೆ ಬೀಳಬೇಕೆಂದು ಅಚ್ಚುಮೊಳೆ ಮಾಡುವವರು ಅಕ್ಷರಗಳನ್ನು ಉಬ್ಬಿಸಿದರು. ಆ ಉಬ್ಬಿದ ಅಕ್ಷರಕ್ಕೆ ಓರೆಯೂ ಸೇರಿದಾಗ ಮೆಲುದನಿ ಕೂಗಾಯಿತು.

ಆ ಕೂಗನ್ನು ಯಾರು ಯಾವುದಕ್ಕೆ ಬಳಸಿದರು ಎಂಬುದೇ ನನಗೆ ಕುತೂಹಲ. ಜರ್ಮನಿಯ ಪೌಲ್ ರೆನ್ನರ್ ರೂಪಿಸಿದ ಫ್ಯೂಚುರಾ 1927ರಲ್ಲಿ ಬಂತು. ಅದರ ಓರೆ ರೂಪದಲ್ಲಿ ಕೈಬರಹದ ಬಳುಕಿಲ್ಲ, ನೆಟ್ಟಗಿದ್ದ ಅಕ್ಷರವೇ ವಾಲಿಕೊಂಡು ನಿಂತಿದೆ. ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ ಅದರ ದಪ್ಪ ಓರೆಯನ್ನು ಕೆಂಪು ಪಟ್ಟಿಯ ಮೇಲೆ ಬಿಳಿಯಾಗಿ ಇಟ್ಟು, ಹಿಂದೆ ಕಪ್ಪುಬಿಳುಪು ಚಿತ್ರಗಳನ್ನು ಹಾಕಿ ಕೊಳ್ಳುಬಾಕತನವನ್ನು ಚುಚ್ಚಿದಳು. 1989ರಲ್ಲಿ ವಾಷಿಂಗ್ಟನ್ನಿನ ಮಹಿಳೆಯರ ಮೆರವಣಿಗೆಗೆ, ಗರ್ಭಪಾತದ ಹಕ್ಕಿನ ಪರವಾಗಿ, ಇದೇ ಅಕ್ಷರದಲ್ಲಿ ಪೋಸ್ಟರ್ ಮಾಡಿದಳು. ಐದು ವರ್ಷದ ಬಳಿಕ, 1994ರಲ್ಲಿ, ನ್ಯೂಯಾರ್ಕಿನಲ್ಲಿ ಸುಪ್ರೀಂ ಎಂಬ ಬಟ್ಟೆಯಂಗಡಿ ಶುರುವಾಯಿತು. ಅದರ ಗುರುತೂ ಕೆಂಪು ಪೆಟ್ಟಿಗೆಯೊಳಗಿನ ಬಿಳಿ ಫ್ಯೂಚುರಾ ಓರೆಯೇ. ಕೊಳ್ಳುವುದನ್ನು ಗೇಲಿ ಮಾಡಿದ ಅಕ್ಷರವೇ ಕೊಳ್ಳಲು ಸಾಲುಗಟ್ಟಿಸಿತು. ಅಕ್ಷರಕ್ಕೆ ದನಿ ಇದೆ, ಪಕ್ಷ ಇಲ್ಲ.

ಇನ್ನು ಕನ್ನಡ. ನಮ್ಮ ಅಚ್ಚಿನಲ್ಲಿ ಗ್ರಿಫೊನ ಓರೆಗೆ ಸಮನಾದ ಪರಂಪರೆ ಬೆಳೆಯಲಿಲ್ಲ. ಆದರೂ ಗುಂಡಿ ಒತ್ತಿದರೆ ಕಂಪ್ಯೂಟರ್ ವಾಲಿಸುತ್ತದೆ. ಅದು ಹೊಸದಾಗಿ ಬರೆಯುವುದಿಲ್ಲ, ಇದ್ದುದನ್ನು ತಳ್ಳುತ್ತದೆ: ಗೆರೆಯ ಮೇಲಿನದು ಬಲಕ್ಕೆ, ಕೆಳಗಿನದು ಎಡಕ್ಕೆ. ಇಂಗ್ಲಿಷ್ ಅಕ್ಷರಗಳಲ್ಲಿ ಗೆರೆಯ ಕೆಳಗೆ ಇಳಿಯುವವು ಕೆಲವೇ. ನಮ್ಮಲ್ಲಿ ಒತ್ತಕ್ಷರಗಳೆಲ್ಲ ಕೆಳಗೇ ತಾನೇ? ಅವು ಎಡಕ್ಕೆ ಸರಿದು ತಾಯಿ ಅಕ್ಷರದ ಹೊಟ್ಟೆಯ ಕೆಳಗೆ ತೂರಿಕೊಳ್ಳುತ್ತವೆ. ಮೇಲಿನ ಗುಡಿಸು ಬಲಕ್ಕೆ ಹೋಗಿ ಮುಂದಿನ ಅಕ್ಷರದ ತಲೆಕಟ್ಟಿಗೆ ತಾಗುತ್ತದೆ. ದುಂಡಗಿನ ಹೊಟ್ಟೆ ಮೊಟ್ಟೆಯಾಗುತ್ತದೆ. ಇದರ ಜೊತೆ ದಪ್ಪವೂ ಸೇರಿದರೆ ಅಕ್ಷರದೊಳಗಿನ ಬಯಲು ಮುಚ್ಚುತ್ತದೆ. ಶಾಲೆಯಲ್ಲಿ ಮೇಷ್ಟ್ರು ‘ಹೊಟ್ಟೆ ಸೀಳು’ ಎಂದು ಕಲಿಸಿದ ಆ ಸಣ್ಣ ಗೀಟು ಮಸಿಯಲ್ಲಿ ಮುಳುಗಿದರೆ ‘ಧನ’ ಹೋಗಿ ‘ದನ’ ಉಳಿಯುತ್ತದೆ.

ಹಾಗಂತ ಓರೆ ನಮಗೆ ಹೊರಗಿನದು ಎನ್ನಲಾರೆ. ನಮ್ಮಪ್ಪ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರು. ಬಸ್ಸಿನ ಎರಡೂ ಬದಿಗೆ ಅದರ ಹೆಸರನ್ನು ದಪ್ಪ ಓರೆ ಅಕ್ಷರದಲ್ಲಿ ಬರೆಸಿದ್ದರು, ಹಿಂದೆ ಹಳದಿ ನೆರಳು. ಬರೆದ ಪೇಂಟರ್ ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ಒತ್ತು ಬಂದಲ್ಲಿ ಅದನ್ನು ಚೂರು ಬಲಕ್ಕೆ ಎಳೆದಿದ್ದ, ಹೊಟ್ಟೆಯೊಳಗೆ ಗಾಳಿಯಾಡಲು ಜಾಗ ಬಿಟ್ಟಿದ್ದ. ಸ್ಟ್ಯಾಂಡಿನಲ್ಲಿ ನಿಂತಿದ್ದಾಗಲೂ ಆ ಬಸ್ಸು ಓಡುತ್ತಿದೆ ಅನಿಸುತ್ತಿತ್ತು.

ಅಪ್ಪ ತೀರಿಕೊಂಡಾಗ ವೈಕುಂಠ ಸಮಾರಾಧನೆಯ ಕಾರ್ಡಿಗೆಂದು ಅಮ್ಮನೂ ನಾನೂ ಪ್ರೆಸ್ಸಿಗೆ ಹೋದೆವು. ಹುಡುಗ ಮುತುವರ್ಜಿಯಿಂದಲೇ ಅಪ್ಪನ ಹೆಸರನ್ನು ದೊಡ್ಡದು ಮಾಡಿ, ದಪ್ಪಗೆ ಓರೆಯಾಗಿಸಿ ತೋರಿಸಿದ. “ಹಿಂಗಿದ್ರೆ ಎದ್ದು ಕಾಣ್ತದಮ್ಮ” ಅಂದ. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. “ಹೆಸರು ಯಾಕಪ್ಪ ಓಡ್ತಾ ಇದೆ? ಅವರು ಇನ್ನೆಲ್ಲಿಗೆ ಹೋಗ್ಬೇಕು? ನೆಟ್ಟಗೆ ನಿಲ್ಸು” ಅಂದಳು. ಹುಡುಗ ಮಾತಾಡದೆ ಎರಡೂ ಗುಂಡಿಗಳನ್ನು ತೆಗೆದ. ಹೆಸರು ಸಣ್ಣದಾಯಿತು, ನಿಂತಿತು. ಅಕ್ಷರವಿನ್ಯಾಸದ ಬಗ್ಗೆ ಆಮೇಲೆ ಎಷ್ಟೋ ಓದಿದ್ದೇನೆ. ಯಾವ ಅಕ್ಷರ ಎಲ್ಲಿಗೆ ಎಂಬುದನ್ನು ಅಷ್ಟು ಕಡಿಮೆ ಮಾತಿನಲ್ಲಿ ಹೇಳಿದವರನ್ನು ಕಂಡಿಲ್ಲ.

ಈಗ ನಾನು ಅನುವಾದ ಕಲಿಸುತ್ತೇನೆ. ಇಂಗ್ಲಿಷ್ ಕತೆಯಲ್ಲಿ ಒಂದು ಪದ ಓರೆಯಾಗಿ ಬಂದಾಗ ವಿದ್ಯಾರ್ಥಿಗಳು ಕನ್ನಡದಲ್ಲೂ ಅದನ್ನು ವಾಲಿಸಿಬಿಡುತ್ತಾರೆ. ಓದಿ ಹೇಳಿ ಎನ್ನುತ್ತೇನೆ. ಓದುವಾಗ ಅವರ ಬಾಯಲ್ಲಿ ತಾನಾಗಿ ‘ಅವನೇ’ ಬರುತ್ತದೆ, ‘ಬಂದೇ ಬಂದ’ ಬರುತ್ತದೆ, ‘ಅವಳಂತೂ’ ಬರುತ್ತದೆ. ಒತ್ತಿ ಹೇಳಲು ನಮಗೆ ಒಂದು ಏಕಾರ ಸಾಕು. ಅದು ಕಿವಿಗೂ ಕೇಳುತ್ತದೆ.

ಪೋಸ್ಟರಿನ ಮಾತು ಬೇರೆ. ಅಲ್ಲಿ ಕೂಗಲೇಬೇಕು. ಕಾಲೇಜಿನ ಹಬ್ಬಕ್ಕೆ ದಪ್ಪ ಓರೆ ಬೇಕೆಂದು ಬಂದವರಿಗೆ ನಾನು ಬೇಡ ಎನ್ನುವುದಿಲ್ಲ. ಮೊದಲು ಒಂದು ಪ್ರತಿ ತೆಗೆದು ಕಾರಿಡಾರಿನ ತುದಿಗೆ ಅಂಟಿಸಿ, ಈ ತುದಿಯಲ್ಲಿ ನಿಂತು ಓದಿ ಎನ್ನುತ್ತೇನೆ. ಒತ್ತಕ್ಷರ ಕಾಣದಿದ್ದರೆ ವಾಪಸ್ ಬಂದು ಕೈಯಾರೆ ತಿದ್ದಲು ಕೂರುತ್ತಾರೆ. ಆ ಪೇಂಟರ್ ಮಾಡುತ್ತಿದ್ದ ಕೆಲಸ ಅಲ್ಲಿಂದ ಶುರುವಾಗುತ್ತದೆ.